ಕಿತ್ತೂರಿನ ಎಕ್ಸ್‌ಚೇಂಜ್: ಹಳ್ಳಿಯ ದೂರವಾಣಿಯ ನಾಲ್ಕು ದಶಕ

ಬೆಳಗಾವಿ ಜಿಲ್ಲೆಯ ಕಿತ್ತೂರು ರಾಣಿ ಚೆನ್ನಮ್ಮನ ಊರೆಂದು ನಾಡಿಗೆಲ್ಲ ಗೊತ್ತು. ಭಾರತದ ದೂರಸಂಪರ್ಕದ ಚರಿತ್ರೆಯಲ್ಲೂ ಆ ಊರಿಗೆ ಒಂದು ಸ್ಥಾನವಿದೆ. ಅದನ್ನು ನೆನಪಿಟ್ಟವರು ಕಡಿಮೆ. ಸಿ-ಡಾಟ್ ಎಂದು ಹೆಸರಾದ ಟೆಲಿಮ್ಯಾಟಿಕ್ಸ್ ಅಭಿವೃದ್ಧಿ ಕೇಂದ್ರವು ರೂಪಿಸಿದ 128 ಪೋರ್ಟ್‌ಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರ ಜುಲೈಯಲ್ಲಿ ಮೊದಲು ಕೆಲಸ ಆರಂಭಿಸಿದ್ದು ಕಿತ್ತೂರಿನಲ್ಲಿ. ಎಂಜಿನಿಯರುಗಳ ಬಾಯಲ್ಲಿ ಅದು ‘ರಾಕ್ಸ್’. ಹವಾನಿಯಂತ್ರಣದ ಕೋಣೆ ಬೇಡದೆ ಸಾಧಾರಣ ಕಟ್ಟಡದಲ್ಲಿ ನಡೆಯುವ ಈ ಯಂತ್ರದಿಂದ ಗ್ರಾಮೀಣ ದೂರವಾಣಿಯ ದಿಕ್ಕೇ ಬದಲಾಯಿತು. ಅದು ಹೇಗೆ ಸಾಧ್ಯವಾಯಿತು, ಅಲ್ಲಿ ಕಲಿತ ಪಾಠ ಮೊಬೈಲ್ ಕಾಲದಲ್ಲಿ ಎಷ್ಟು ಉಳಿಯಿತು ಎಂಬುದು ಈ ಉಪನ್ಯಾಸದ ವಿಷಯ.

ಭಾರತದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದದ್ದು 1882ರ ಜನವರಿಯಲ್ಲಿ, ಕಲ್ಕತ್ತ, ಮುಂಬಯಿ ಮತ್ತು ಮದರಾಸುಗಳಲ್ಲಿ. ಆಗ ಎರಡು ತಂತಿಗಳನ್ನು ಜೋಡಿಸುವ ಕೆಲಸ ಮನುಷ್ಯರದು. ಆಪರೇಟರ್ ಕರೆಯನ್ನು ಕೇಳಿಸಿಕೊಂಡು, ಬೇಕಾದವರ ತೂತಿಗೆ ಪ್ಲಗ್ ಸಿಕ್ಕಿಸಿ, ಮಾತು ಮುಗಿದ ಮೇಲೆ ಕೀಳಬೇಕಿತ್ತು. ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಸ್ವಿಚ್ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತು. ಡಯಲ್ ಮಾಡಿದ ಅಂಕಿಯಷ್ಟು ವಿದ್ಯುತ್ ಮಿಡಿತಗಳು ಹೋಗಿ, ಒಂದು ಲೋಹದ ತೋಳು ಮೆಟ್ಟಿಲು ಮೆಟ್ಟಿಲಾಗಿ ಏರಿ, ಸುತ್ತಿ, ಸರಿಯಾದ ಸಂಪರ್ಕಬಿಂದುವಿನಲ್ಲಿ ನಿಲ್ಲುತ್ತಿತ್ತು.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ದೂರವಾಣಿಗಳು ಸುಮಾರು 80 ಸಾವಿರ. ಆ ಕೊರತೆಯನ್ನು ನೀಗಿಸಲೆಂದೇ 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿತು. ಕೃಷ್ಣರಾಜಪುರದ ಬಳಿ ಅದರ ಕಾರ್ಖಾನೆಯ ಸುತ್ತ ಬೆಳೆದ ವಸತಿಗೆ ದೂರವಾಣಿನಗರ ಎಂದೇ ಹೆಸರು. ಸಾವಿರಾರು ಕನ್ನಡ ಕುಟುಂಬಗಳು ಒಂದೆರಡು ತಲೆಮಾರು ಆ ಕಾರ್ಖಾನೆಯ ದುಡಿಮೆಯಲ್ಲಿ ಬಾಳಿದವು. ಐಟಿಐ ಮೊದಲು ತಯಾರಿಸಿದ್ದು ಬ್ರಿಟಿಷ್ ಕಂಪನಿಯ ಒಪ್ಪಂದದಡಿ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು. ಅರವತ್ತರ ದಶಕದಲ್ಲಿ ಬೆಲ್ಜಿಯಂ ಕಂಪನಿಯ ಸಹಯೋಗದಲ್ಲಿ ಕ್ರಾಸ್‌ಬಾರ್ ಎಂಬ ಮುಂದಿನ ಪೀಳಿಗೆಯ ಯಂತ್ರಗಳನ್ನು.

ಈ ಯಂತ್ರಗಳು ಇಲ್ಲಿ ತೊಂದರೆ ಕೊಟ್ಟವು. ದೂಳು, ಸೆಕೆ, ತೇವಗಳು ಲೋಹದ ಸಂಪರ್ಕಬಿಂದುಗಳನ್ನು ಕೆಡಿಸುತ್ತಿದ್ದವು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವಂಥದ್ದಲ್ಲ, ಆದರೆ ಮುಖ್ಯವಾದದ್ದು ಅದೇ. ದೂರವಾಣಿಯ ಬಳಕೆಯನ್ನು ಎಂಜಿನಿಯರುಗಳು ಎರ್ಲಾಂಗ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ ಹೆಸರಿನ ಮಾನ ಅದು. ಒಂದು ಗಂಟೆಯಲ್ಲಿ ಒಂದು ಲೈನು ಆರು ನಿಮಿಷ ಮಾತಿನಲ್ಲಿದ್ದರೆ 0.1 ಎರ್ಲಾಂಗ್. ಯುರೋಪಿನಲ್ಲಿ ಫೋನುಗಳು ಹೆಚ್ಚಿದ್ದವು. ಒಂದೊಂದು ಫೋನಿನ ಬಳಕೆ ಕಡಿಮೆಯಿತ್ತು. ಅಲ್ಲಿನ ಯಂತ್ರಗಳನ್ನು ರೂಪಿಸಿದ್ದು ಆ ಲೆಕ್ಕಕ್ಕೆ. ಭಾರತದಲ್ಲಿ ಫೋನುಗಳೇ ಕಡಿಮೆ, ಒಂದೊಂದರ ಮೇಲೆ ಬೀಳುವ ಭಾರ ವಿಪರೀತ. ಬೀದಿಯ ಒಂದು ಫೋನಿಗೆ ಹತ್ತು ಮನೆಗಳವರು ಬರುತ್ತಿದ್ದರು, ಒಂದು ಅಂಗಡಿಯ ಫೋನಿನಲ್ಲಿ ಇಡೀ ಮಾರುಕಟ್ಟೆಯ ವ್ಯವಹಾರ ನಡೆಯುತ್ತಿತ್ತು. ಹೊರದೇಶದ ಲೆಕ್ಕದ ಯಂತ್ರ ಈ ಭಾರಕ್ಕೆ ಕುಸಿಯಿತು. ಕ್ರಾಸ್‌ಬಾರನ್ನು ಇಲ್ಲಿನ ಬಳಕೆಗೆ ಒಗ್ಗಿಸಲು ದೂರಸಂಪರ್ಕ ಸಂಶೋಧನಾ ಕೇಂದ್ರದ ಎಂಜಿನಿಯರುಗಳು ಬೇರೆಯದೇ ಯೋಜನೆ ಹಾಕಿಕೊಳ್ಳಬೇಕಾಯಿತು.

ಇದರ ಫಲ ಜನರ ನೆನಪಿನಲ್ಲಿ ಇನ್ನೂ ಇದೆ. ಸಂಪರ್ಕಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು, ಬೇರೆ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ದಿನವಿಡೀ ಫೋನಿನ ಪಕ್ಕ ಕೂರುವುದು, ಬೇಗ ಬೇಕೆಂದರೆ ಹೆಚ್ಚು ಹಣ ತೆತ್ತು ‘ಅರ್ಜೆಂಟ್’ ಅಥವಾ ‘ಲೈಟ್ನಿಂಗ್’ ಎಂದು ಬರೆಸುವುದು. ಆಪರೇಟರಿನ ನೆರವಿಲ್ಲದೆ ಊರಿಂದೂರಿಗೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಸೌಲಭ್ಯ 1960ರಲ್ಲೇ ಕಾನ್ಪುರ ಮತ್ತು ಲಖನೌ ನಡುವೆ ಬಂದಿತ್ತಾದರೂ ಅದರ ವಿಸ್ತರಣೆ ಬಹಳ ನಿಧಾನವಾಗಿತ್ತು. ಎಂಬತ್ತರ ದಶಕದ ನಡುವಿಗೂ ಎಪ್ಪತ್ತು ಕೋಟಿ ಮೀರಿದ ಜನಸಂಖ್ಯೆಗೆ ಇದ್ದ ಫೋನುಗಳು ಮೂವತ್ತು ಲಕ್ಷದ ಆಸುಪಾಸು, ಅವುಗಳಲ್ಲಿ ಬಹುಪಾಲು ನಗರಗಳಲ್ಲಿ. ಫೋನು ಶ್ರೀಮಂತರ ವಸ್ತು, ಹಳ್ಳಿಗೆ ಅದರ ಅಗತ್ಯವಿಲ್ಲ ಎಂಬ ಮಾತು ಆಡಳಿತದ ಮೇಲಿನ ಸ್ತರಗಳಲ್ಲೂ ಚಾಲ್ತಿಯಲ್ಲಿತ್ತು. ಆ ಮಾತು ತಪ್ಪಾಗಿತ್ತು. ಹಠಾತ್ತನೆ ಕಾಯಿಲೆ ಬಿದ್ದವರಿಗೆ, ಅಡಿಕೆ ಇಲ್ಲವೇ ಹತ್ತಿಯ ಧಾರಣೆ ತಿಳಿಯಬೇಕಾದವರಿಗೆ, ಮುಂಬಯಿಗೆ ದುಡಿಯಲು ಹೋದ ಮಗನ ಸುದ್ದಿಗಾಗಿ ಕಾದವರಿಗೆ ದೂರವಾಣಿಯ ಅಗತ್ಯ ನಗರದವರಿಗಿಂತ ಕಡಿಮೆ ಇರಲಿಲ್ಲ. ದಾರಿ ದೂರವಿದ್ದಷ್ಟೂ ಹೆಚ್ಚೇ ಇತ್ತು.

1981ರಲ್ಲಿ ಎಚ್.ಸಿ. ಸರೀನ್ ಸಮಿತಿ ಡಿಜಿಟಲ್ ಸ್ವಿಚಿಂಗಿಗೆ ತಿರುಗಬೇಕೆಂದು ಶಿಫಾರಸು ಮಾಡಿತು. ಸರ್ಕಾರ ಎರಡು ದಾರಿ ಹಿಡಿಯಿತು. ಫ್ರಾನ್ಸಿನ ಕಂಪನಿಯ ಇ-10ಬಿ ಯಂತ್ರಗಳನ್ನು ಐಟಿಐ ಮೂಲಕ ಉತ್ತರ ಪ್ರದೇಶದ ಮಂಕಾಪುರದಲ್ಲಿ ತಯಾರಿಸುವುದು ಒಂದು. ಇಲ್ಲೇ ಹೊಸದಾಗಿ ವಿನ್ಯಾಸ ಮಾಡುವುದು ಇನ್ನೊಂದು. ಎರಡನೆಯದಕ್ಕಾಗಿ 1984ರ ಆಗಸ್ಟಿನಲ್ಲಿ ಸಿ-ಡಾಟ್ ಸ್ಥಾಪನೆಯಾಯಿತು. ಒಡಿಶಾದ ಟಿಟ್ಲಾಗಢದಲ್ಲಿ ಹುಟ್ಟಿ ಅಮೆರಿಕದಲ್ಲಿ ಡಿಜಿಟಲ್ ಸ್ವಿಚಿಂಗ್ ಉದ್ಯಮದಲ್ಲಿ ಹೆಸರು ಮಾಡಿದ್ದ ಸ್ಯಾಮ್ ಪಿತ್ರೋಡ ಅದರ ಪ್ರೇರಕರು. ಮೀಸಲಿಟ್ಟದ್ದು 36 ಕೋಟಿ ರೂಪಾಯಿ, ಗೊತ್ತುಪಡಿಸಿದ ಕಾಲ 36 ತಿಂಗಳು. ಪಿತ್ರೋಡರ ಹೆಸರು ಎಲ್ಲರಿಗೂ ಗೊತ್ತು. ಅವರಷ್ಟೇ ಗೌರವಕ್ಕೆ ಪಾತ್ರರಾದ ಇನ್ನಿಬ್ಬರಿದ್ದಾರೆ. ದೂರಸಂಪರ್ಕ ಸಂಶೋಧನಾ ಕೇಂದ್ರದಿಂದ ಬಂದ ಜಿ.ಬಿ. ಮೀಮಾಂಸಿ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದ ಎಂ.ವಿ. ಪಿಟ್ಕೆ. ಇವರ ಸಂಸ್ಥೆಗಳಲ್ಲಿ ಎಲೆಕ್ಟ್ರಾನಿಕ್ ಸ್ವಿಚಿಂಗಿನ ಕೆಲಸ ಎಪ್ಪತ್ತರ ದಶಕದಿಂದಲೇ ನಡೆದಿತ್ತು. ಸಿ-ಡಾಟ್ ಬರಿಗೈಯಿಂದ ಆರಂಭವಾಯಿತು ಎಂಬ ಜನಪ್ರಿಯ ಕಥೆ ಈ ಹಿಂದಿನ ಶ್ರಮಕ್ಕೆ ಅನ್ಯಾಯ ಮಾಡುತ್ತದೆ. ಸಂಸ್ಥೆ ದೆಹಲಿ ಮತ್ತು ಬೆಂಗಳೂರುಗಳಲ್ಲಿ ಬೀಡುಬಿಟ್ಟಿತು. ಅಲ್ಲಿ ಸೇರಿದವರಲ್ಲಿ ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿದ ಯುವಕ ಯುವತಿಯರು.

ರಾಕ್ಸ್ ಯಂತ್ರದ ಒಳಗೆ ನಡೆಯುವುದನ್ನು ತಿಳಿದರೆ ಅದರ ಸೊಗಸು ಅರಿವಾಗುತ್ತದೆ. ಮನುಷ್ಯನ ಧ್ವನಿಯಲ್ಲಿ ಮಾತು ಅರ್ಥವಾಗಲು ಬೇಕಾದ ಭಾಗ ಸುಮಾರು 300ರಿಂದ 3,400 ಹರ್ಟ್ಸ್ ಒಳಗೆ ಅಡಕವಾಗಿರುತ್ತದೆ. ಆ ಧ್ವನಿಯ ಏರಿಳಿತವನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳ ಸಂಖ್ಯೆಯಾಗಿ ಬರೆದರೆ ಸೆಕೆಂಡಿಗೆ 64,000 ಬಿಟ್ ಆಗುತ್ತದೆ. ಮಾತು ಹೀಗೆ ಸಂಖ್ಯೆಯಾದ ಮೇಲೆ ಎರಡು ತಂತಿಗಳನ್ನು ಲೋಹದ ತೋಳಿನಿಂದ ಜೋಡಿಸುವ ಅಗತ್ಯವೇ ಇಲ್ಲ. ಕಾಲುವೆಯ ನೀರನ್ನು ರೈತರು ಸರದಿಯ ಮೇಲೆ ಹಂಚಿಕೊಳ್ಳುವಂತೆ ಒಂದೇ ದಾರಿಯನ್ನು ಹಲವು ಕರೆಗಳು ಸರದಿಯ ಮೇಲೆ ಬಳಸುತ್ತವೆ. ಒಂದೊಂದು ಸರದಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು. ಒಬ್ಬರ ಸರದಿಯಲ್ಲಿ ಬಂದ ಸಂಖ್ಯೆಯನ್ನು ಸ್ಮೃತಿಯಲ್ಲಿಟ್ಟು ಇನ್ನೊಬ್ಬರ ಸರದಿಯಲ್ಲಿ ಹೊರಗೆ ಕಳಿಸುವುದೇ ಡಿಜಿಟಲ್ ಸ್ವಿಚಿಂಗ್. ಸವೆಯುವ ಭಾಗಗಳಿಲ್ಲ, ದೂಳು ಕೂತು ಕೆಡುವ ಸಂಪರ್ಕಬಿಂದುಗಳಿಲ್ಲ.

ಈ ತತ್ವ ಜಗತ್ತಿಗೆ ಹೊಸದಲ್ಲ, ಆಗಾಗಲೇ ಬಳಕೆಯಲ್ಲಿತ್ತು. ಸಿ-ಡಾಟ್ ಎಂಜಿನಿಯರುಗಳ ಹೆಚ್ಚುಗಾರಿಕೆ ಇರುವುದು ಅದನ್ನು ಯಾವ ಗಾತ್ರಕ್ಕೆ, ಯಾವ ಪರಿಸರಕ್ಕೆ ಕೂರಿಸಿದರು ಎಂಬುದರಲ್ಲಿ. ವಿದೇಶಿ ಡಿಜಿಟಲ್ ಎಕ್ಸ್‌ಚೇಂಜುಗಳು ಸಾವಿರಾರು ಲೈನುಗಳ ನಗರಗಳಿಗಾಗಿ ಕಟ್ಟಿದವು. ಅವುಗಳಿಗೆ ತಣ್ಣನೆಯ ಕೋಣೆ ಬೇಕು, ಸದಾ ವಿದ್ಯುತ್ ಬೇಕು, ನುರಿತ ತಂತ್ರಜ್ಞರು ಪಕ್ಕದಲ್ಲೇ ಇರಬೇಕು. ಹಳ್ಳಿಯಲ್ಲಿ ಈ ಮೂರೂ ಇರಲಿಲ್ಲ. ಆದ್ದರಿಂದ 128 ಪೋರ್ಟ್ ಎಂಬ ಸಣ್ಣ ಗಾತ್ರವನ್ನು ಆರಿಸಿದರು. ಕಡಿಮೆ ವಿದ್ಯುತ್ ಬಳಸುವ, ಕಡಿಮೆ ಬಿಸಿಯಾಗುವ ಬಿಡಿಭಾಗಗಳನ್ನು ಹಾಕಿ ಫ್ಯಾನೂ ಏಸಿಯೂ ಇಲ್ಲದೆ ಬಿಸಿ ಹೊರಹೋಗುವಂತೆ ಪೆಟ್ಟಿಗೆಯನ್ನು ಕಟ್ಟಿದರು. ದೋಷ ಎಲ್ಲಿದೆಯೆಂದು ಯಂತ್ರವೇ ಗುರುತಿಸುತ್ತದೆ. ಕೆಟ್ಟ ಕಾರ್ಡನ್ನು ಕಿತ್ತು ಹೊಸದನ್ನು ಹಾಕಲು ಸಾಮಾನ್ಯ ತರಬೇತಿ ಪಡೆದ ಮೆಕ್ಯಾನಿಕ್ ಸಾಕು. ಎಲ್ಲಕ್ಕಿಂತ ಮೇಲಾಗಿ, ಫೋನುಗಳು ಕಡಿಮೆ, ಬಳಕೆ ವಿಪರೀತ ಎಂಬ ಭಾರತದ ಸ್ಥಿತಿಯನ್ನು ವಿನ್ಯಾಸದ ಮೊದಲ ಶರತ್ತಾಗಿ ಒಪ್ಪಿಕೊಂಡರು. ಹೊರಗಿನ ಯಂತ್ರವನ್ನು ತಂದು ಹಳ್ಳಿಗೆ ಒಗ್ಗಿಸುವ ಬದಲು, ಹಳ್ಳಿಯ ಸ್ಥಿತಿಯಿಂದ ಯಂತ್ರವನ್ನು ಕಟ್ಟಿದರು. ಕಿತ್ತೂರಿನ ಮಹತ್ವ ಇರುವುದು ಇಲ್ಲಿ.

ತಂತ್ರಜ್ಞಾನವನ್ನು ಒಬ್ಬರಿಗೇ ಒಪ್ಪಿಸದೆ ಹಲವು ಸಾರ್ವಜನಿಕ ಮತ್ತು ಖಾಸಗಿ ತಯಾರಕರಿಗೆ ಹಂಚಿದ್ದು ಇನ್ನೊಂದು ಒಳ್ಳೆಯ ನಿರ್ಧಾರ. ಹಾಗೆಂದು ಎಲ್ಲವೂ ಹೇಳಿದ ಹೊತ್ತಿಗೆ ಆಗಲಿಲ್ಲ. ನಗರಗಳಿಗಾಗಿ ಯೋಜಿಸಿದ್ದ ದೊಡ್ಡ ಎಕ್ಸ್‌ಚೇಂಜ್ 36 ತಿಂಗಳಲ್ಲಿ ಸಿದ್ಧವಾಗದೆ ಸಂಸ್ಥೆ ತೀವ್ರ ಟೀಕೆಗೆ ಗುರಿಯಾಯಿತು. ಹಳ್ಳಿಯ ಎಕ್ಸ್‌ಚೇಂಜಿನಿಂದ ತಾಲ್ಲೂಕು ಕೇಂದ್ರಕ್ಕೆ ಹೋಗುವ ಜಂಕ್ಷನ್ ಲೈನುಗಳು ಅನೇಕ ಕಡೆ ಹಳೆಯ ಕಂಬಗಳ ಮೇಲಿನ ತಂತಿಗಳಾಗಿಯೇ ಉಳಿದವು. ಊರೊಳಗೆ ಒಬ್ಬರಿಗೊಬ್ಬರು ಮಾತಾಡಬಹುದು, ಹೊರಗಿನ ಲೋಕಕ್ಕೆ ಲೈನು ಸಿಗದು. ತಂತಿ ಕಳವು, ಮಳೆಗೆ ಉರುಳುವ ಕಂಬ, ಬಿಡುವಿಲ್ಲದೆ ಓಡಾಡುವ ಲೈನ್‌ಮನ್ ಇವೆಲ್ಲ ಆ ಕಾಲದ ನಿತ್ಯದ ಸಂಗತಿಗಳು. ತಂತಿಯ ಬದಲು ರೇಡಿಯೋ ಮೂಲಕ ಹಳ್ಳಿಯ ಸಾರ್ವಜನಿಕ ಫೋನುಗಳನ್ನು ಜೋಡಿಸಲು ತೊಂಬತ್ತರ ದಶಕದಲ್ಲಿ ತಂದ ಎಂಎಆರ್‌ಆರ್ ಉಪಕರಣಗಳಂತೂ ದೊಡ್ಡ ಪ್ರಮಾಣದಲ್ಲಿ ಕೆಟ್ಟು ನಿಂತವು. ಕೊನೆಗೆ ಅವನ್ನು ಸರ್ಕಾರಿ ನೆರವಿನಲ್ಲಿ ಬದಲಿಸಬೇಕಾಯಿತು. ಕೊಂಡಿಗಳಲ್ಲಿ ಒಂದು ದುರ್ಬಲವಾದರೂ ಜಾಲ ಅಷ್ಟೇ ದುರ್ಬಲ ಎಂಬ ತಿಳಿವಳಿಕೆಗೆ ಬಹಳ ಬೆಲೆ ತೆರಬೇಕಾಯಿತು.

ಯಂತ್ರದಷ್ಟೇ ದೊಡ್ಡ ಹೆಜ್ಜೆ ಅದರ ಹಂಚಿಕೆಯದು. ಮನೆಗೊಂದು ಫೋನು ಕೊಡುವಷ್ಟು ಲೈನುಗಳಿಲ್ಲದಾಗ ಇರುವ ಲೈನನ್ನು ಬೀದಿಗೆ ತರುವ ಯೋಚನೆಯಿಂದ ಎಸ್‌ಟಿಡಿ-ಐಎಸ್‌ಡಿ-ಪಿಸಿಓ ಬೂತುಗಳು ಬಂದವು. ಎಂಬತ್ತರ ದಶಕದ ಕೊನೆಯಿಂದ ಹಳದಿ ಫಲಕದ ಆ ಗಾಜಿನ ಗೂಡುಗಳು ಬಸ್‌ನಿಲ್ದಾಣ, ಸಂತೆಬೀದಿ, ಆಸ್ಪತ್ರೆಯ ಎದುರು ಎಲ್ಲೆಲ್ಲೂ ಎದ್ದವು. ಇಲಾಖೆ ಲೈನು ಕೊಡುತ್ತಿತ್ತು, ನಡೆಸುವವನು ಕಮಿಷನ್ ಪಡೆಯುತ್ತಿದ್ದ, ಮಾತಾಡಿದವನಿಗೆ ಮೀಟರು ನೋಡಿ ಮುದ್ರಿತ ಬಿಲ್ಲು ಸಿಗುತ್ತಿತ್ತು. ಬೂತುಗಳ ಹಂಚಿಕೆಯಲ್ಲಿ ಅಂಗವಿಕಲರಿಗೆ ಆದ್ಯತೆ ಇತ್ತು. ಸಾವಿರಾರು ಜನ ಅದರಿಂದ ಗೌರವದ ದುಡಿಮೆ ಕಂಡರು. ರಾತ್ರಿ ಹನ್ನೊಂದರ ಮೇಲೆ ಕಾಲು ದರವಾದ್ದರಿಂದ ಆ ಹೊತ್ತಿಗೆ ಬೂತುಗಳ ಮುಂದೆ ಸಾಲು ನಿಲ್ಲುತ್ತಿತ್ತು. ಫೋನು ಇಲ್ಲದವರಿಗೂ ದೂರವಾಣಿ ಸೇವೆ ದೊರಕಿತು. ಯಂತ್ರದ ಒಡೆತನವಿಲ್ಲದೆಯೂ ಸೇವೆ ಕೈಗೆ ಸಿಗಬಹುದು ಎಂಬುದನ್ನು ಈ ಬೂತುಗಳಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ವ್ಯವಸ್ಥೆ ದೇಶದಲ್ಲಿ ವಿರಳ.

ಮೊಬೈಲ್ ಕಾಲ 1995ರ ಜುಲೈ 31ರಂದು ಶುರುವಾಯಿತು. ಅಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತಾಡಿದರು. ಮೊದಮೊದಲು ಒಳಬರುವ ಕರೆಗೂ ಹಣ ತೆರಬೇಕಿತ್ತು. 1997ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 1999ರಲ್ಲಿ ಹೊಸ ನೀತಿ, 2000ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಬಂದವು. 2003ರಲ್ಲಿ ಒಳಬರುವ ಕರೆ ಉಚಿತವಾದದ್ದೇ ತಡ, ಮೊಬೈಲು ಕೂಲಿಕಾರರ ಕೈಗೂ ಬಂತು. 2016ರ ಹೊತ್ತಿಗೆ ಸಂಪರ್ಕಗಳು ನೂರು ಕೋಟಿ ದಾಟಿದ್ದವು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾದ ಬೆಲೆ ನೆಲಕ್ಕಿಳಿಯಿತು. ಬೂತುಗಳು ಮುಚ್ಚಿದವು, ತಂತಿಯ ಫೋನು ಹಿಂದೆ ಸರಿಯಿತು, 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆಯೂ ನಿಂತಿತ್ತು. ಇಷ್ಟು ಕಡಿಮೆ ಕಾಲದಲ್ಲಿ ಇಷ್ಟು ಜನರಿಗೆ ತಲುಪಿದ ತಂತ್ರಜ್ಞಾನ ವಿರಳ. ಸ್ಪರ್ಧೆ ಮತ್ತು ಇಳಿದ ಬೆಲೆ ಮಾಡಿದ ಈ ಕೆಲಸವನ್ನು ಹಳೆಯ ಇಲಾಖೆಯಿಂದ ಎಂದೂ ಮಾಡಲಾಗುತ್ತಿರಲಿಲ್ಲ.

ಆದರೆ ಸ್ಪರ್ಧೆ ಹೋಗುವುದು ಜನ ದಟ್ಟವಾಗಿರುವ ಕಡೆಗೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಆನ್‌ಲೈನ್ ಆದಾಗ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ದಕ್ಷಿಣ ಕನ್ನಡಗಳ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ, ಕೊಡೆ ಹಿಡಿದು ಕೂತು ಪಾಠ ಕೇಳಿದರು. ಮಲೆನಾಡಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನ ಹುಟ್ಟಿದ್ದು ಈ ಸಂಕಟದಿಂದ. ನೂರು ಕೋಟಿ ಸಂಪರ್ಕಗಳ ದೇಶದಲ್ಲಿ ಇದು ಏಕಾಯಿತು ಎಂಬುದಕ್ಕೆ ಭೌತವಿಜ್ಞಾನದ ಉತ್ತರವೂ ಇದೆ, ಅರ್ಥಶಾಸ್ತ್ರದ ಉತ್ತರವೂ ಇದೆ.

ರೇಡಿಯೋ ಅಲೆಯ ಆವರ್ತನ ಹೆಚ್ಚಿದಷ್ಟೂ ಅದು ದೂರ ಸಾಗುವ, ಅಡ್ಡಿಯನ್ನು ಬಳಸಿ ಹೋಗುವ ಶಕ್ತಿ ಕುಗ್ಗುತ್ತದೆ. ಬೇರೆಲ್ಲ ಹಾಗೇ ಇದ್ದು ಆವರ್ತನವನ್ನು ಎರಡರಷ್ಟು ಮಾಡಿದರೆ ಬಯಲಿನಲ್ಲೂ ಫೋನಿಗೆ ತಲುಪುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. 700 ಅಥವಾ 900 ಮೆಗಾಹರ್ಟ್ಸ್ ಅಲೆ ಗುಡ್ಡದ ಅಂಚನ್ನು ಬಳಸಿ ಕಣಿವೆಗೆ ಒಂದಿಷ್ಟು ಇಳಿದೀತು; 2,300 ಮೆಗಾಹರ್ಟ್ಸ್ ಅಲೆ ಅಲ್ಲಿಗೆ ತಲುಪದು. ಮಳೆಗಾಲದಲ್ಲಿ ತೊಯ್ದ ಎಲೆಗಳ ದಟ್ಟ ಕಾಡು ಉಳಿದ ಶಕ್ತಿಯನ್ನೂ ಹೀರುತ್ತದೆ. ಬಯಲುಸೀಮೆಯಲ್ಲಿ ಹತ್ತಾರು ಊರುಗಳಿಗೆ ಸಾಕಾಗುವ ಟವರು ಮಲೆನಾಡಿನಲ್ಲಿ ಒಂದು ಕಣಿವೆಗೆ ಸೀಮಿತವಾಗುತ್ತದೆ, ಆ ಕಣಿವೆಯಲ್ಲಿ ಇರುವುದು ತೋಟಗಳ ನಡುವೆ ಚದುರಿದ ಒಂಟಿ ಮನೆಗಳು. ಟವರಿನ ಖರ್ಚು ಹೆಚ್ಚು, ಆದಾಯ ಕಡಿಮೆ. ಖಾಸಗಿ ಕಂಪನಿ ಅಲ್ಲಿಗೆ ಬರದಿರುವುದು ಅದರ ಲೆಕ್ಕಕ್ಕೆ ಸಹಜ. ಆ ಲೆಕ್ಕವನ್ನು ಸರಿದೂಗಿಸಬೇಕಾದದ್ದು ಸರ್ಕಾರ.

ಅದಕ್ಕೆ ಹಣವಿಲ್ಲವೆಂದು ಹೇಳುವಂತಿಲ್ಲ. 2002ರಿಂದಲೂ ದೂರಸಂಪರ್ಕ ಕಂಪನಿಗಳ ಹೊಂದಾಣಿಕೆಯ ಒಟ್ಟು ಆದಾಯದ ಶೇಕಡ 5 ಭಾಗ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಗೆಂದು ಸಂಗ್ರಹವಾಗುತ್ತಿದೆ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿದೆ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಗುರಿ ಹೊಂದಿತ್ತು. 2022ರ ಜುಲೈಯಲ್ಲಿ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು.

ಈ ಯೋಜನೆಗಳು ಬೇಕಾದವೇ. ಅವುಗಳ ಅಳತೆಗೋಲು ಮಾತ್ರ ಮಲೆನಾಡಿಗೆ ಹೊಂದುವುದಿಲ್ಲ. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಕಟ್ಟಿದ ಮನೆಗಳು. ಪಂಚಾಯಿತಿ ಕಟ್ಟಡದವರೆಗೆ ಫೈಬರ್ ಬಂದರೆ ಊರಿಗೆ ಬಂದಂತೆಯೇ. ಮಲೆನಾಡಿನಲ್ಲಿ ಒಂದು ಕಂದಾಯ ಗ್ರಾಮಕ್ಕೆ ಹಲವು ಮಜರೆಗಳು, ಮಜರೆಯಿಂದ ಮಜರೆಗೆ ಕಿಲೋಮೀಟರುಗಳ ಅಂತರ, ನಡುವೆ ಹಳ್ಳ ಮತ್ತು ಕಾಡು. ಗ್ರಾಮದ ಒಂದು ಮೂಲೆಗೆ ಸಿಗ್ನಲ್ ಬಂದರೂ ಇಡೀ ಗ್ರಾಮಕ್ಕೆ ಬಂತೆಂದು ಲೆಕ್ಕಕ್ಕೆ ಸೇರಿದರೆ ಉಳಿದ ಮಜರೆಗಳು ಕಡತದಿಂದಲೇ ಮರೆಯಾಗುತ್ತವೆ. ಎರ್ಲಾಂಗ್ ಲೆಕ್ಕದಲ್ಲಿ ಒಮ್ಮೆ ಆದ ತಪ್ಪಿನಂಥದ್ದೇ ಇದು. ಒಂದು ಕಡೆಯ ಬದುಕಿಗೆ ಹೊಂದುವ ಲೆಕ್ಕವನ್ನು ಇನ್ನೊಂದು ಕಡೆಗೆ ಹೇರಿದಾಗ ಯಂತ್ರ ಚೆನ್ನಾಗಿದ್ದೂ ಸೇವೆ ಸೋಲುತ್ತದೆ.

ವಿದ್ಯುತ್ತಿನ ವಿಷಯದಲ್ಲೂ ಇಂಥ ಹಿನ್ನಡೆ ಆಗಿದೆ. ಹಳೆಯ ತಾಮ್ರದ ಫೋನಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದಲೇ ವಿದ್ಯುತ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ನಡೆಯುತ್ತಿತ್ತು. ಫೈಬರಿನಲ್ಲಿ ಬೆಳಕು ಹೋಗುತ್ತದೆಯೇ ಹೊರತು ವಿದ್ಯುತ್ತಲ್ಲ. ಮನೆಯಲ್ಲಿ ಕರೆಂಟು ಹೋದರೆ ಮೋಡೆಮ್ ನಿಲ್ಲುತ್ತದೆ. ಟವರಿನ ಬ್ಯಾಟರಿಗಳು ಹಳತಾಗಿ, ಜನರೇಟರಿಗೆ ಡೀಸೆಲ್ ಬಾರದೆ ಹೋದರೆ ಸಿಗ್ನಲ್ಲೂ ಹೋಗುತ್ತದೆ. ಗಾಳಿಮಳೆಗೆ ಮರಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಆಷಾಢದಲ್ಲಿ, ಆಂಬುಲೆನ್ಸಿಗೆ ಕರೆ ಮಾಡಲೇಬೇಕಾದ ಹೊತ್ತಿನಲ್ಲೇ, ಜಾಲ ಕೈಕೊಡುತ್ತದೆ. ಮಲೆನಾಡಿನ ಟವರುಗಳಿಗೆ ಹೆಚ್ಚು ತಾಳುವ ಬ್ಯಾಟರಿಯನ್ನು ಕಡ್ಡಾಯ ಮಾಡುವುದು ಹೊಸ ಟವರು ಕಟ್ಟುವಷ್ಟೇ ತುರ್ತಾದ ಕೆಲಸ.

ಭರವಸೆಗೆ ಕಾರಣಗಳೂ ಇವೆ. ಬಿಎಸ್‌ಎನ್‌ಎಲ್ ಜೊತೆ ಪಾಲುದಾರರಾದ ಸ್ಥಳೀಯ ಕೇಬಲ್ ಆಪರೇಟರುಗಳು ಹಳ್ಳಿಗಳ ಒಂಟಿ ಮನೆಗಳಿಗೂ ಫೈಬರ್ ಎಳೆಯುತ್ತಿದ್ದಾರೆ. ತುಂಡಾದ ಫೈಬರನ್ನು ಮಳೆಯಲ್ಲೇ ಹುಡುಕಿ ಜೋಡಿಸುವವರು ಆ ಊರಿನ ಹುಡುಗರೇ. ರಾಕ್ಸ್ ಯಂತ್ರಕ್ಕೆ ಸ್ಥಳೀಯ ಮೆಕ್ಯಾನಿಕ್ ಸಾಕೆಂದು ವಿನ್ಯಾಸಕಾರರು ನಂಬಿದ್ದು ಹೀಗೆ ಮತ್ತೆ ನಿಜವಾಗಿದೆ. 2025ರ ಸೆಪ್ಟೆಂಬರಿನಲ್ಲಿ ಒಡಿಶಾದ ಜಾರ್ಸುಗುಡದಲ್ಲಿ ಉದ್ಘಾಟನೆಗೊಂಡ ಬಿಎಸ್‌ಎನ್‌ಎಲ್ ಸ್ವದೇಶಿ 4ಜಿ ಜಾಲದ ಕೇಂದ್ರಭಾಗವನ್ನು ರೂಪಿಸಿದ್ದು ಅದೇ ಸಿ-ಡಾಟ್, ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕಂಪನಿಯದು. ಸ್ವಂತ ಉಪಕರಣ ಇರುವ ದೇಶ ತನ್ನ ಕಠಿಣ ಪ್ರದೇಶಗಳಿಗೆ ತಕ್ಕಂತೆ ಅದನ್ನು ತಿದ್ದಿಕೊಳ್ಳಬಲ್ಲದು. ಬೆಂಗಳೂರಿನ ಎಂಜಿನಿಯರುಗಳು ಆಗುಂಬೆಯ ಮಳೆಯನ್ನೂ ಶರಾವತಿ ಕಣಿವೆಯನ್ನೂ ವಿನ್ಯಾಸದ ಶರತ್ತಾಗಿ ಇಟ್ಟುಕೊಂಡು ಕೆಲಸ ಮಾಡಲು ಈಗ ಯಾವ ತಾಂತ್ರಿಕ ಅಡ್ಡಿಯೂ ಇಲ್ಲ.

ನಾಗರಿಕರ ಕೈಯಲ್ಲೂ ಒಂದು ಸಾಧನವಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2024ರ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ತನ್ನ ಸಿಗ್ನಲ್ ಎಲ್ಲೆಲ್ಲಿ ಇದೆಯೆಂಬ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಪ್ರತಿ ಗ್ರಾಮ ಪಂಚಾಯಿತಿಯೂ ಆ ನಕ್ಷೆಯನ್ನು ತೆರೆದು, ತನ್ನ ಮಜರೆಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕು. ನಕ್ಷೆಯಲ್ಲಿ ಬಣ್ಣವಿದ್ದು ಮನೆಯಲ್ಲಿ ಸಿಗ್ನಲ್ ಇಲ್ಲದ ಮಜರೆಗಳ ಪಟ್ಟಿಯನ್ನು ಗ್ರಾಮಸಭೆಯ ನಿರ್ಣಯವಾಗಿ ದಾಖಲಿಸಿ ಜಿಲ್ಲಾಧಿಕಾರಿಗೂ ಪ್ರಾಧಿಕಾರಕ್ಕೂ ಕಳಿಸಬೇಕು.